ಮಳೆ ರಜೆ, ಕಾಳಿಂಗ ಮತ್ತು ‘ನಿಮಗಾಗಿ’ ಎನ್ನುವ ಆ್ಯಪ್

ಜುಲೈ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಹೆಸರು ಪತ್ರಿಕೆಯ ಒಂದೇ ಶೀರ್ಷಿಕೆಯಲ್ಲಿ ಜೊತೆಯಾಗಿ ಬರತೊಡಗುತ್ತವೆ: ಭಾರಿ ಮಳೆ, ಶಾಲೆಗಳಿಗೆ ರಜೆ. ಶಿವಮೊಗ್ಗ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ಘಟ್ಟಕ್ಕೆ ಒರಗಿಕೊಂಡಿರುವ ತಾಲ್ಲೂಕುಗಳಿವು. ಆಗುಂಬೆ ತೀರ್ಥಹಳ್ಳಿಗೆ ಸೇರಿದ್ದು, ಹುಲಿಕಲ್ ಹೊಸನಗರಕ್ಕೆ. ಇಲ್ಲಿ ಹಳ್ಳ ಉಕ್ಕಿ ಕಾಲುಸಂಕ ಮುಳುಗಿದ ದಿನ ಶಿಕಾರಿಪುರದ ಮಕ್ಕಳು ಎಂದಿನಂತೆ ಶಾಲೆಗೆ ಹೋಗುತ್ತಿರಬಹುದು. ಹಾಗಾಗಿ ರಜೆಯ ಆದೇಶ ತಾಲ್ಲೂಕು ನೋಡಿಕೊಂಡು ಹೊರಡುತ್ತದೆ, ಒಮ್ಮೊಮ್ಮೆ ಹಿಂದಿನ ರಾತ್ರಿ, ಒಮ್ಮೊಮ್ಮೆ ಬೆಳಗಾದ ಮೇಲೆ. ಅದೇ ಹೊತ್ತಿಗೆ ಹಳೆಯ ವರ್ಷದ ಆದೇಶದ ಫೋಟೊ ಕೂಡ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ. ಮುಖ್ಯ ಶಿಕ್ಷಕರಿಗೆ ಬೇಕಾದದ್ದು ಒಂದೇ ಒಂದು ಸಾಲು, ಬೆಳಿಗ್ಗೆ ಎಂಟರೊಳಗೆ. ಹತ್ತು ಗಂಟೆಗೆ ಬಂದರೆ ಅದರಿಂದ ಯಾರಿಗೂ ಉಪಯೋಗವಿಲ್ಲ.

ಅದೇ ಶಾಲೆಯ ವಿಜ್ಞಾನ ಶಿಕ್ಷಕಿಗೆ ಇನ್ನೊಂದು ಬಗೆಯ ಸುದ್ದಿ ಬೇಕು. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದು, ಒಂದೇ ಪ್ರಭೇದವೆಂದು ಎಲ್ಲರೂ ತಿಳಿದಿದ್ದ ಕಾಳಿಂಗ ಸರ್ಪವನ್ನು ನಾಲ್ಕು ಪ್ರಭೇದಗಳಾಗಿ ಬೇರ್ಪಡಿಸಿತು. ಪಶ್ಚಿಮ ಘಟ್ಟದ್ದಕ್ಕೆ ಸಿಕ್ಕ ವೈಜ್ಞಾನಿಕ ಹೆಸರು ಒಫಿಯೋಫೇಗಸ್ ಕಾಳಿಂಗ. ತೋಟದ ಬೇಲಿಯಲ್ಲಿ ಕಾಳಿಂಗವನ್ನು ಕಂಡೇ ಬೆಳೆಯುವ ತೀರ್ಥಹಳ್ಳಿಯ ಮಕ್ಕಳಿಗೆ ವರ್ಗೀಕರಣದ ಪಾಠ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಸುದ್ದಿ ಹಬ್ಬಿ ಎಷ್ಟೇ ತಿಂಗಳಾಗಿರಲಿ, ಆ ಪಾಠ ಬರುವ ದಿನ ಅದು ಕೈಗೆ ಸಿಗಬೇಕು.

ಸುದ್ದಿ ಆ್ಯಪ್‌ಗಳ ಗಣಿತಕ್ಕೆ ಈ ಎರಡು ಸುದ್ದಿಗಳ ನಡುವಿನ ವ್ಯತ್ಯಾಸ ತಾನಾಗಿ ಕಾಣುವುದಿಲ್ಲ. ಅವು ಪ್ರತಿ ಬರಹಕ್ಕೂ ಒಂದು ಅಂಕ ಕೊಡುತ್ತವೆ, ಸಮಯ ಕಳೆದಂತೆ ಆ ಅಂಕವನ್ನು ಇಳಿಸುತ್ತವೆ. ವಿಕಿರಣಶೀಲ ವಸ್ತುವಿಗೆ ಹೇಳುವ ಅರ್ಧಾಯುವಿನ ಲೆಕ್ಕವೇ ಇಲ್ಲಿಯೂ ನಡೆಯುತ್ತದೆ. ಸುದ್ದಿಯ ಅರ್ಧಾಯು 12 ಗಂಟೆ ಎಂದು ಇಟ್ಟುಕೊಳ್ಳಿ. ಒಂದು ದಿನಕ್ಕೆ ಅದರ ತೂಕ ಕಾಲು ಭಾಗಕ್ಕೆ ಇಳಿಯುತ್ತದೆ. ಒಂದು ವಾರದಲ್ಲಿ 14 ಅರ್ಧಾಯುಗಳು ಕಳೆದು, ಉಳಿಯುವುದು 16,384ರಲ್ಲಿ ಒಂದು ಪಾಲು. ಮಳೆ ರಜೆಗೆ ಈ ಲೆಕ್ಕ ಕೂಡ ನಿಧಾನವಾಯಿತು. ಕಾಳಿಂಗಕ್ಕೆ ಇದು ವಿಪರೀತ ಅವಸರ. ಎಲ್ಲ ಸುದ್ದಿಗೂ ಒಂದೇ ಗಡಿಯಾರ ಕಟ್ಟಿದ ಆ್ಯಪ್ ಶಾಲೆಗೆ ಒಗ್ಗುವುದಿಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ. ಒಂದು ಬರಹವನ್ನು ಎತ್ತಿಟ್ಟುಕೊಳ್ಳಲು, ಅದಕ್ಕೆ ‘ಒಂಬತ್ತನೇ ತರಗತಿ, ಜೀವವಿಜ್ಞಾನ’ ಎಂದು ಗುರುತು ಹಾಕಲು, ಆರು ತಿಂಗಳ ಬಳಿಕ ಹುಡುಕಲು ಅವಕಾಶ ಇದೆಯೇ ಎಂದು ಶಿಕ್ಷಕರು ಮೊದಲು ನೋಡಿಕೊಳ್ಳಬೇಕು.

ಓದುಗರಿಗೆ ತಕ್ಕ ಸುದ್ದಿ ಆರಿಸುವ ವಿದ್ಯೆ ಸ್ಮಾರ್ಟ್‌ಫೋನಿಗಿಂತ ಹಳೆಯದು. 1972ರಲ್ಲಿ ಬ್ರಿಟನ್ನಿನ ಕರೆನ್ ಸ್ಪಾರ್ಕ್ ಜೋನ್ಸ್ ಒಂದು ಸರಳ ವಿಚಾರವನ್ನು ಮುಂದಿಟ್ಟರು: ಎಲ್ಲ ಬರಹಗಳಲ್ಲೂ ಕಾಣುವ ಪದ ಆ ಬರಹದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ, ಅಪರೂಪದ ಪದ ಬಹಳಷ್ಟು ಹೇಳುತ್ತದೆ. ಹತ್ತು ಸಾವಿರ ಸುದ್ದಿಗಳಲ್ಲಿ ‘ಶಾಲೆ’ ಒಂದು ಸಾವಿರದಲ್ಲಿ ಬಂದು, ‘ಉಣುಗು’ ಹತ್ತರಲ್ಲಿ ಮಾತ್ರ ಬಂದರೆ, ಲಾಗರಿದಮ್ ಲೆಕ್ಕದಲ್ಲಿ ಮೊದಲನೆಯದರ ತೂಕ 1, ಎರಡನೆಯದರದ್ದು 3. ಬರಹದ ಒಳಗಿನ ಪದಗಳನ್ನು ನೋಡಿ ಆರಿಸುವ ದಾರಿಗೆ ಇದೇ ತಳಪಾಯ. ಇನ್ನೊಂದು ದಾರಿಯಲ್ಲಿ ಬರಹವನ್ನು ಯಂತ್ರ ಓದುವುದೇ ಇಲ್ಲ, ಓದುಗರನ್ನು ಗಮನಿಸುತ್ತದೆ. 1992ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದ ಟ್ಯಾಪೆಸ್ಟ್ರಿ, 1994ರಲ್ಲಿ ಗ್ರೂಪ್‌ಲೆನ್ಸ್ ಎಂಬ ವ್ಯವಸ್ಥೆಗಳು ಈ ದಾರಿ ತೆರೆದವು. ಗ್ರೂಪ್‌ಲೆನ್ಸ್ ಹುಟ್ಟಿದ್ದೇ ಸುದ್ದಿಗಾಗಿ. ಯೂಸ್‌ನೆಟ್ ಬರಹಗಳಿಗೆ ಓದುಗರು ಒಂದರಿಂದ ಐದರವರೆಗೆ ಅಂಕ ಕೊಡಬೇಕು. ನಿಮ್ಮ ಅಂಕಗಳೂ ಇನ್ನೊಬ್ಬರ ಅಂಕಗಳೂ ಹೋಲುತ್ತಿದ್ದರೆ ಅವರು ಮೆಚ್ಚಿದ್ದನ್ನು ನಿಮಗೂ ತೋರಿಸಬಹುದು. ಇಂದಿನ ಶಿಫಾರಸು ಯಂತ್ರಗಳು ಇವೆರಡನ್ನೂ ಬೆರೆಸಿ ಬಳಸುತ್ತವೆ. ಒಂದು ಮಾತ್ರ ಬದಲಾಗಿದೆ. ಅಂದು ಓದುಗರು ಯೋಚಿಸಿ ಕೊಡುತ್ತಿದ್ದ ಅಂಕದ ಜಾಗದಲ್ಲಿ ಈಗ ಬೆರಳು ತಾಗಿದ್ದು, ಪರದೆಯ ಮೇಲೆ ಕಣ್ಣು ನಿಂತ ಸೆಕೆಂಡುಗಳು ಬಂದು ಕೂತಿವೆ.

ಪದ ನೋಡಿ ಆರಿಸುವ ದಾರಿಯಲ್ಲಿ ನಮ್ಮ ಮೂರು ತಾಲ್ಲೂಕುಗಳ ಹೆಸರುಗಳೇ ದೊಡ್ಡ ಪರೀಕ್ಷೆ. ತೀರ್ಥಹಳ್ಳಿ ಸುಲಭ, ಆ ಅಕ್ಷರಗಳು ಬಂದರೆ ಹೆಚ್ಚುಕಡಿಮೆ ಆ ಊರೇ. ಸಾಗರ ಹಾಗಲ್ಲ. ಸಮುದ್ರವೂ ಸಾಗರ, ಸಮಾವೇಶಕ್ಕೆ ಹರಿದು ಬಂದದ್ದು ಜನಸಾಗರ, ಮಂಡ್ಯದ ಕಡೆ ಕೃಷ್ಣರಾಜಸಾಗರ, ಮಧ್ಯಪ್ರದೇಶದಲ್ಲೂ ಒಂದು ಸಾಗರ. ಮೇಲಾಗಿ ಕನ್ನಡದ ಹೆಸರು ಬರಿಗೈಲಿ ಓಡಾಡುವುದಿಲ್ಲ. ಸಾಗರದ, ಸಾಗರಕ್ಕೆ, ಸಾಗರದಲ್ಲೂ, ಸಾಗರದಿಂದಲೇ ಎಂದು ವಿಭಕ್ತಿಗಳನ್ನು ಹೊತ್ತೇ ಬರುತ್ತದೆ. ಪದದ ಬುಡವನ್ನು ಬಿಡಿಸಿಕೊಳ್ಳಲು ಬಾರದ ಯಂತ್ರಕ್ಕೆ ಇವೆಲ್ಲ ಬೇರೆ ಬೇರೆ ಪದಗಳು. ಹೊಸನಗರ ತಾಲ್ಲೂಕಿನ ಒಳಗೇ ‘ನಗರ’ ಎಂಬ ಊರಿದೆ, ಕೆಳದಿ ಅರಸರ ಬಿದನೂರು ಅದು. ಆದರೆ ‘ನಗರದಲ್ಲಿ ಸಂಚಾರ ದಟ್ಟಣೆ’ ಎಂದು ಬಂದರೆ ಅದು ಬೆಂಗಳೂರಿನ ಸುದ್ದಿ.

ಇದಕ್ಕಿಂತ ಆಳದಲ್ಲಿ, ಕಣ್ಣಿಗೆ ಕಾಣದ ಮಟ್ಟದಲ್ಲಿ ಇನ್ನೊಂದು ತೊಡಕಿದೆ. ಯೂನಿಕೋಡ್‌ನಲ್ಲಿ ‘ಹೊ’ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳನ್ನು ಒಂದರ ಹಿಂದೆ ಒಂದಿಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ‘ಹೊಸನಗರ’. ಕಂಪ್ಯೂಟರಿನ ಸ್ಮೃತಿಯಲ್ಲಿ ಎರಡು ಬೇರೆ ಸಾಲುಗಳು. ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳುವ ಕೆಲಸವನ್ನು ಆ್ಯಪ್ ಬರೆದವರು ಮಾಡಿರಬೇಕು, ಇಲ್ಲದಿದ್ದರೆ ಅರ್ಧ ಸುದ್ದಿ ಕಾಣೆ. ಕನ್ನಡ 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಇದ್ದರೂ ನಮ್ಮ ಪತ್ರಿಕೆಗಳು ಬಹುಕಾಲ ತಮ್ಮ ತಮ್ಮ ಫಾಂಟುಗಳಲ್ಲೇ ಅಚ್ಚಾದವು, ಆ ಹಳೆಯ ಕಡತಗಳಲ್ಲಿ ಇಂದಿಗೂ ಪದ ಹುಡುಕಲಾಗುವುದಿಲ್ಲ. ಕುಪ್ಪಳಿಯ ಮನೆತನದ ಪೂರ್ಣಚಂದ್ರ ತೇಜಸ್ವಿ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗ್ಗೆ ಅಷ್ಟು ಕಾಳಜಿಯಿಂದ ಮಾತಾಡುತ್ತಿದ್ದರು. ಅವರ ಆತಂಕ ಎಷ್ಟು ಸರಿಯಿತ್ತು ಎಂಬುದು ಇಂಥ ಕಡೆ ಗೊತ್ತಾಗುತ್ತದೆ.

ಪದದ ಅರ್ಥವನ್ನು ಅದರ ನೆರೆಹೊರೆಯಿಂದ ಕಲಿಯುವ ಯಂತ್ರಗಳು ಈಗ ಬಂದಿವೆ. ಎಐ4ಭಾರತ್ ತಂಡದ ಇಂಡಿಕ್‌ಬರ್ಟ್, ಗೂಗಲ್ ಸಂಶೋಧಕರ ಮ್ಯುರಿಲ್ ಎರಡೂ ಕನ್ನಡವನ್ನು ಬಲ್ಲವು. ‘ಮಂಗನ ಕಾಯಿಲೆ’, ‘ಕೆಎಫ್‌ಡಿ’, ‘ಕ್ಯಾಸನೂರು ಕಾಡಿನ ಕಾಯಿಲೆ’ ಮೂರೂ ಒಂದೇ ಎಂದು ಯಾರೂ ಹೇಳಿಕೊಡದೆ ಗ್ರಹಿಸುವ ಶಕ್ತಿ ಇಂಥ ಮಾದರಿಗಳಿಗೆ ಇರಬಲ್ಲದು. ಆದರೆ ಅವು ಕಲಿತದ್ದು ಅಂತರ್ಜಾಲದಲ್ಲಿ ಹೇರಳವಾಗಿ ಸಿಕ್ಕ ಕನ್ನಡದಿಂದ, ಮಲೆನಾಡಿನ ಮೂಲೆಯ ಮಾತು ಅದರಲ್ಲಿ ಕಡಿಮೆ. ಕೆಂಪಡಿಕೆಯ ರಾಶಿ, ಬೆಟ್ಟೆ, ಗೊರಬಲು ಆರಿಸಿ ಪಳಗಿದ ಕೈಗೆ ಕರಾವಳಿಯ ಚಾಲಿ ತಂದು ಸುರಿದರೆ ಅದು ತಡವರಿಸುವ ಹಾಗೆ, ಈ ಯಂತ್ರಗಳು ಎಲೆಚುಕ್ಕಿ ರೋಗ, ಕಾಲುಸಂಕ, ಹಿನ್ನೀರು ಎಂಬಲ್ಲಿ ತಡವರಿಸಿದರೆ ಅಚ್ಚರಿಯಿಲ್ಲ. ‘ಎಲೆಚುಕ್ಕಿ’ಯೋ ‘ಎಲೆಚುಕ್ಕೆ’ಯೋ ಎಂಬುದೇ ಪತ್ರಿಕೆಯಿಂದ ಪತ್ರಿಕೆಗೆ ಬೇರೆ.

ಓದುಗರನ್ನು ನೋಡಿ ಆರಿಸುವ ಎರಡನೆಯ ದಾರಿಗೆ ಬರೋಣ. ಶಿಕ್ಷಕರ ಮಟ್ಟಿಗೆ ಹೆಚ್ಚು ಅಪಾಯ ಇರುವುದು ಇಲ್ಲೇ ಎಂಬುದು ನನ್ನ ತಿಳಿವಳಿಕೆ.

2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಲಿಂಗನಮಕ್ಕಿಯ ನೀರು ದಾರಿ ನುಂಗಿದಂದಿನಿಂದ ಲಾಂಚನ್ನೇ ನಂಬಿದ್ದ ಊರುಗಳಿಗೆ ಎರಡು ಕಿಲೋಮೀಟರಿಗೂ ಉದ್ದದ ಈ ಸೇತುವೆ ಬದುಕನ್ನೇ ಬದಲಿಸಿತು. ಇದು ಕೇಬಲ್‌ಗಳ ಆಸರೆಯಲ್ಲಿ ನಿಂತ ಸೇತುವೆ. ಭೌತವಿಜ್ಞಾನ ಕಲಿಸುವವರಿಗೆ ಎಳೆತ, ಒತ್ತಡ, ಬಲಗಳ ವಿಭಜನೆ ಎಲ್ಲವನ್ನೂ ಕಣ್ಣೆದುರು ತೋರಿಸುವ ಪ್ರಯೋಗಾಲಯ. ಸಾಗರದ ಶಿಕ್ಷಕಿಯೊಬ್ಬರು ಕೇಬಲ್‌ಗಳ ಚಿತ್ರಕ್ಕಾಗಿ ಆ ಸುದ್ದಿಯನ್ನು ತೆರೆದರು ಎನ್ನೋಣ. ಆ್ಯಪ್‌ಗೆ ಗೊತ್ತಾಗುವುದು ಅವರು ತೆರೆದರು ಎಂಬುದು ಮಾತ್ರ. ಅದೇ ಸುದ್ದಿಯನ್ನು ತೆರೆದ ಇತರರಲ್ಲಿ ಹೆಚ್ಚಿನವರು ಸಿಗಂದೂರು ಚೌಡೇಶ್ವರಿಯ ಭಕ್ತರು, ಪ್ರವಾಸ ಹೊರಟವರು, ಉದ್ಘಾಟನೆಯ ರಾಜಕೀಯ ತಿಳಿಯಬೇಕಾದವರು. ಮರುದಿನದಿಂದ ಆ ಶಿಕ್ಷಕಿಗೆ ಬರುವುದು ದೇವಸ್ಥಾನ, ರೆಸಾರ್ಟು, ನಾಯಕರ ಜಟಾಪಟಿ. ಕೇಬಲ್ ಸೇತುವೆಯ ವಿಜ್ಞಾನ ಎಲ್ಲೋ ಕೆಳಗೆ ಉಳಿಯುತ್ತದೆ. ಯಂತ್ರದ ಲೆಕ್ಕದಲ್ಲಿ ತಪ್ಪಿಲ್ಲ. ಏಕೆ ತೆರೆದರು ಎಂಬುದು ಆ ಲೆಕ್ಕದೊಳಗೆ ಬರುವುದೇ ಇಲ್ಲ.

ಸಂಖ್ಯೆಯ ವಿಚಾರ ಇನ್ನೂ ಕಠಿಣ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ನಮ್ಮ ಮೂರು ತಾಲ್ಲೂಕುಗಳು ಸೇರಿ ಐದು ಲಕ್ಷ ಮುಟ್ಟುವುದಿಲ್ಲ, ಅಂದರೆ ನೂರು ಕನ್ನಡಿಗರಲ್ಲಿ ಒಬ್ಬರೂ ಪೂರ್ತಿಯಾಗಿ ಇಲ್ಲಿಯವರಲ್ಲ. ಅವರಲ್ಲಿ ಶಿಕ್ಷಕರು ಎಷ್ಟು, ಆ ಆ್ಯಪ್ ಬಳಸುವವರು ಎಷ್ಟು, ಹೊಸನಗರದ ಶಾಲೆಯ ಸುದ್ದಿ ತೆರೆದವರು ಎಷ್ಟು ಎಂದು ಭಾಗಿಸುತ್ತ ಹೋದರೆ ಬೆರಳೆಣಿಕೆಯಷ್ಟು ಉಳಿಯುತ್ತದೆ. ಹೋಲಿಕೆಯಿಂದ ಕಲಿಯುವ ಯಂತ್ರಕ್ಕೆ ಹೋಲಿಸಲು ಜನವೇ ಸಾಲದು.

ಹೊಸ ಸುದ್ದಿಯನ್ನು ಆ್ಯಪ್‌ಗಳು ಪರೀಕ್ಷಿಸುವ ಕ್ರಮ ಇದನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಯಾಹೂ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ಕ್ಷೇತ್ರದಲ್ಲಿ ಪ್ರಸಿದ್ಧ. ಪ್ರತಿ ಸುದ್ದಿಯನ್ನೂ ಸ್ವಲ್ಪ ಜನರಿಗೆ ತೋರಿಸಿ ನೋಡು, ಯಾರು ತೆರೆಯುತ್ತಾರೆ ಎಂದು ಕಲಿ, ಗೆದ್ದದ್ದನ್ನು ಹೆಚ್ಚು ತೋರಿಸು, ಆದರೂ ಹೊಸತಕ್ಕೆ ಸ್ವಲ್ಪ ಜಾಗ ಉಳಿಸು. 3.3 ಕೋಟಿಗೂ ಹೆಚ್ಚು ದಾಖಲೆಗಳ ಮೇಲೆ ಪರೀಕ್ಷಿಸಿದಾಗ, ಓದುಗರ ಹಿನ್ನೆಲೆಯನ್ನು ಲೆಕ್ಕಿಸದ ಕ್ರಮಕ್ಕಿಂತ ಕ್ಲಿಕ್ಕುಗಳು ಶೇ 12.5ರಷ್ಟು ಹೆಚ್ಚಿದವು. ಸೊಗಸಾದ ಗಣಿತ. ಆದರೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗ ಸತ್ತುಬಿದ್ದ ಸುದ್ದಿಯನ್ನು ಪರೀಕ್ಷೆಗಾಗಿ ತುಮಕೂರು, ಬಳ್ಳಾರಿ, ಬೆಂಗಳೂರಿನ ನೂರು ಜನರಿಗೆ ತೋರಿಸಿದರೆ ತೆರೆಯುವವರು ಯಾರು? ಸುದ್ದಿ ಅಲ್ಲೇ ಸೋಲುತ್ತದೆ. ಅದು ಬೇಕಿದ್ದ ಶಾಲೆಯನ್ನು ತಲುಪುವ ಮೊದಲೇ ಅದರ ಅಂಕ ಕುಸಿದಿರುತ್ತದೆ.

ಮಂಗ ಸತ್ತ ಸುದ್ದಿಯ ನೆಪದಲ್ಲಿ ಮಂಗನ ಕಾಯಿಲೆಯ ಮಾತನ್ನು ನಾನು ಸುಮ್ಮನೆ ಎತ್ತಿಲ್ಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗ, 2018ರ ಕೊನೆಯಿಂದ 2019ರವರೆಗೆ ಇದೇ ಅರಳಗೋಡಿನಲ್ಲಿ ಮನೆಮನೆಗಳನ್ನು ಬಾಧಿಸಿತು. ಚಳಿಗಾಲದಿಂದ ಬೇಸಿಗೆಯವರೆಗೆ ಉಣುಗಿನ ಮರಿಗಳು ಹೆಚ್ಚುವ ಕಾಲ ಅದಕ್ಕೆ ಹದ. ದರಗು ಗುಡಿಸಲು, ಸೌದೆಗೆ ಕಾಡಿಗೆ ಹೋಗುವ ಮನೆಗಳ ಮಕ್ಕಳು ಶಾಲೆಯಲ್ಲಿ ಕೂತಿರುತ್ತಾರೆ. ಅವರಿಗೆ ಎಚ್ಚರಿಕೆ ಹೇಳುವ ಶಿಕ್ಷಕರಿಗೆ ಇಂದಿನ ಸುದ್ದಿಯೇ ಬೇಕು. ಹಿಂದೆ ಕೊಡುತ್ತಿದ್ದ ಲಸಿಕೆಯ ಬಳಕೆಯನ್ನು ರಾಜ್ಯ 2022ರಲ್ಲಿ ನಿಲ್ಲಿಸಿದೆ. ‘ತಪ್ಪದೆ ಮೂರು ಸುತ್ತು ಲಸಿಕೆ ಹಾಕಿಸಿಕೊಳ್ಳಿ’ ಎಂಬ ಹಳೆಯ ಬರಹವನ್ನು, ಬಹಳ ಜನ ತೆರೆದಿದ್ದಾರೆ ಎಂಬ ಕಾರಣಕ್ಕೆ, ದಿನಾಂಕ ಮರೆಮಾಡಿ ಮೇಲೆ ತರುವ ಆ್ಯಪ್ ಶಿಕ್ಷಕರ ಬಾಯಲ್ಲಿ ತಪ್ಪು ಮಾತನ್ನು ಹಾಕುತ್ತದೆ. ಸುದ್ದಿ ಯಾವ ದಿನದ್ದು, ಯಾವ ಪತ್ರಿಕೆಯದ್ದು ಎಂಬ ಎರಡು ಸಂಗತಿ ಶೀರ್ಷಿಕೆಯ ಪಕ್ಕದಲ್ಲೇ ಕಾಣದಿದ್ದರೆ ಆ ಆ್ಯಪ್ ಎಷ್ಟೇ ಚಂದವಿರಲಿ, ಶಾಲೆಗೆ ಬೇಡ.

ಹಾಗಾದರೆ ಯಾವುದು ಬೇಕು? ನನ್ನ ಉತ್ತರ ಹಳೆಯ ತಂತ್ರಜ್ಞಾನವೊಂದರ ಕಡೆ ಕೈ ತೋರಿಸುತ್ತದೆ. 1999ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ರೂಪುಗೊಂಡ ಆರ್‌ಎಸ್‌ಎಸ್ ಎಂಬ ವ್ಯವಸ್ಥೆಯಲ್ಲಿ ಪ್ರತಿ ಸುದ್ದಿತಾಣವೂ ತನ್ನ ಹೊಸ ಬರಹಗಳ ಪಟ್ಟಿಯನ್ನು ಒಂದು ಸರಳ ಕಡತದಲ್ಲಿ ಇಡುತ್ತದೆ. ಶೀರ್ಷಿಕೆ, ದಿನಾಂಕ, ಸಾರಾಂಶ, ಕೊಂಡಿ, ಅಷ್ಟೇ. ಆ ಕಡತಕ್ಕೆ ಫೀಡ್ ಎನ್ನುತ್ತಾರೆ. ಫೀಡ್ಲಿ, ಇನೋರೀಡರ್, ಫೀಡರ್ ಮುಂತಾದ ಆ್ಯಪ್‌ಗಳು ನೀವು ಹೇಳಿದ ಫೀಡ್‌ಗಳನ್ನು ಮಾತ್ರ ತಂದು, ಬಂದ ಕ್ರಮದಲ್ಲಿ ಜೋಡಿಸಿಕೊಡುತ್ತವೆ. ನಿಮ್ಮ ಬೆರಳನ್ನು ನೋಡಿ ಮನಸ್ಸನ್ನು ಊಹಿಸುವ ಗೋಜು ಅಲ್ಲಿ ಇಲ್ಲ. ಹಲವು ಸುದ್ದಿತಾಣಗಳು ಇಂದಿಗೂ ಫೀಡ್ ಇಟ್ಟಿವೆ, ಕೆಲವು ಅದನ್ನು ಕಾಣದ ಮೂಲೆಗೆ ತಳ್ಳಿವೆ. ಯೂಟ್ಯೂಬ್ ಚಾನೆಲ್‌ಗಳಿಗೂ ಫೀಡ್ ಉಂಟು. ಫೀಡ್ ಇಲ್ಲದ ವಿಷಯಕ್ಕೆ ಗೂಗಲ್ ಅಲರ್ಟ್ಸ್‌ನಲ್ಲಿ ‘ಮಂಗನ ಕಾಯಿಲೆ’ ಎಂದೋ ‘ಶರಾವತಿ ಪಂಪ್ಡ್ ಸ್ಟೋರೇಜ್’ ಎಂದೋ ಬರೆದು, ಇಮೇಲ್ ಬದಲು ಫೀಡ್ ರೂಪದಲ್ಲಿ ಕೊಡು ಎಂದು ಆರಿಸಿಕೊಳ್ಳಬಹುದು. ‘ಸಾಗರ’ ಎಂದಷ್ಟೇ ಬರೆಯಬೇಡಿ. ‘ಸಾಗರ ತಾಲ್ಲೂಕು’ ಎಂದು ಉದ್ಧರಣ ಚಿಹ್ನೆಯೊಳಗೆ ಬರೆದರೆ ಸಮುದ್ರವೂ ಜನಸಾಗರವೂ ದೂರ ನಿಲ್ಲುತ್ತವೆ.

ಶಿಫಾರಸು ಮಾಡುವ ಆ್ಯಪ್‌ಗಳನ್ನು ತೆಗೆದೇ ಹಾಕಿ ಎನ್ನುತ್ತಿಲ್ಲ. ಮಾಜಿ ನೋಕಿಯಾ ಉದ್ಯೋಗಿಗಳಿಬ್ಬರು 2009ರಲ್ಲಿ ಹೊರತಂದ ನ್ಯೂಸ್‌ಹಂಟ್, ಕನ್ನಡ ಅಕ್ಷರವೇ ಮೂಡದ ಅಂದಿನ ಫೋನುಗಳಲ್ಲಿ ಕನ್ನಡ ಪತ್ರಿಕೆ ಓದಿಸಿತು. 2015ರಲ್ಲಿ ಡೈಲಿಹಂಟ್ ಎಂದು ಹೆಸರು ಬದಲಿಸಿಕೊಂಡ ಆ ಬೆಂಗಳೂರಿನ ಆ್ಯಪ್ ಕನ್ನಡ ಓದುಗರಿಗೆ ಮಾಡಿದ ಉಪಕಾರ ಸಣ್ಣದಲ್ಲ. ಊರಿನಾಚೆಯ ಲೋಕವನ್ನು ಕಾಣಲು, ನೀವು ಹುಡುಕಲು ಹೊಳೆಯದ ವಿಷಯ ಎದುರಾಗಲು ಇಂಥವು ಒದಗುತ್ತವೆ. ಆದರೆ ಶಾಲೆಯ ಕೆಲಸಕ್ಕೆ ಮುಖ್ಯ ಸಾಧನ ಫೀಡ್ ಓದಿಸುವ ಆ್ಯಪ್ ಆಗಲಿ, ಶಿಫಾರಸು ಯಂತ್ರ ಅದರ ಪಕ್ಕದಲ್ಲಿರಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಇನ್ನೊಂದು ಬಲವಾದ ಕಾರಣ ಸಿಗ್ನಲ್. ಕೋವಿಡ್ ಕಾಲದಲ್ಲಿ ಆನ್‌ಲೈನ್ ಪಾಠಕ್ಕಾಗಿ ಮಕ್ಕಳು ಗುಡ್ಡ ಹತ್ತಿದ ಸೀಮೆ ಇದು. ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಅಭಿಯಾನ ನಡೆಸಿದ ಹಳ್ಳಿಗಳು ಶರಾವತಿ ಹಿನ್ನೀರಿನ ಸುತ್ತ ಇವೆ. ಇಂಥ ಕಡೆ ಬೈಟುಗಳ ಲೆಕ್ಕ ಹಾಕಲೇಬೇಕು. ಯೂನಿಕೋಡ್‌ನ ಸಾಮಾನ್ಯ ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು ಬೇಕು, ಇಂಗ್ಲಿಷಿಗೆ ಒಂದೇ ಸಾಕು. ಪದಕ್ಕೆ ಸರಾಸರಿ ಎಂಟು ಸಂಕೇತ ಎಂದರೆ ನಾನೂರು ಪದದ ಸುದ್ದಿಗೆ ಸುಮಾರು ಹತ್ತು ಕಿಲೋಬೈಟು. ನೂರು ಸುದ್ದಿ ಸೇರಿ ಒಂದು ಮೆಗಾಬೈಟು, ಕುಗ್ಗಿಸಿ ಕಳಿಸಿದರೆ ಅದಕ್ಕೂ ಕಡಿಮೆ. ಒಂದು ಸಾಧಾರಣ ಫೋಟೊ ಇಪ್ಪತ್ತು ಸುದ್ದಿಗಳಷ್ಟು ಜಾಗ ತಿನ್ನುತ್ತದೆ; ತಾನಾಗಿ ಓಡುವ ವಿಡಿಯೊ ನೂರಾರು ಸುದ್ದಿಗಳನ್ನು ನುಂಗುತ್ತದೆ. ಚಿತ್ರಗಳನ್ನು ನಿಲ್ಲಿಸಿ, ಪೇಟೆಯಲ್ಲಿ ಸಿಗ್ನಲ್ ಇರುವಾಗಲೇ ಇಡೀ ಬರಹಗಳನ್ನು ಇಳಿಸಿಕೊಂಡು, ಬಸ್ಸಿನಲ್ಲೋ ಶಾಲೆಯಲ್ಲೋ ನೆಟ್ಟಿಲ್ಲದೆ ಓದಲು ಬಿಡುವ ಆ್ಯಪ್ ಇಲ್ಲಿ ಬೇಕಾದದ್ದು.

ಯಾವ ಆ್ಯಪ್ ಒಳ್ಳೆಯದು ಎಂದು ಜಾಹೀರಾತು ನೋಡಿ ತೀರ್ಮಾನಿಸಬೇಕಿಲ್ಲ, ಅಳೆಯಬಹುದು. ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನ ಗ್ರಂಥಪಾಲಕ ಸಿರಿಲ್ ಕ್ಲೆವರ್ಡನ್ 1960ರ ದಶಕದಲ್ಲಿ ಮಾಹಿತಿ ಹುಡುಕುವ ವ್ಯವಸ್ಥೆಗಳನ್ನು ತೂಗಿ ನೋಡಿದ ಕ್ರಮವನ್ನು ಶಾಲೆಯ ಸಿಬ್ಬಂದಿ ಕೋಣೆಯಲ್ಲೇ ಮಾಡಬಹುದು. ಒಂದು ವಾರದ ಪತ್ರಿಕೆಗಳ ಜಿಲ್ಲಾ ಪುಟಗಳನ್ನು ಮುಂದಿಟ್ಟುಕೊಂಡು, ಶಾಲೆಗೆ ಬೇಕು ಎನಿಸಿದ ಸುದ್ದಿಗಳಿಗೆ ಶಿಕ್ಷಕರೆಲ್ಲ ಸೇರಿ ಪೆನ್ಸಿಲ್ ಗುರುತು ಹಾಕಿ. ಇಪ್ಪತ್ತು ಗುರುತಾದವು, ಅವುಗಳಲ್ಲಿ ಆ್ಯಪ್ ತಂದದ್ದು ಎಂಟು ಎನ್ನೋಣ. ದಕ್ಕಿದ್ದು ಶೇ 40. ಅದೇ ವಾರ ಆ್ಯಪ್ ಒಟ್ಟು ಇನ್ನೂರು ಸುದ್ದಿ ತೋರಿಸಿದ್ದರೆ ಹುರುಳಿದ್ದದ್ದು ಶೇ 4 ಮಾತ್ರ. ಈ ಎರಡು ಸಂಖ್ಯೆ ಒಂದನ್ನೊಂದು ಎಳೆದಾಡುತ್ತವೆ. ಬಲೆ ದೊಡ್ಡದಾದಷ್ಟೂ ದಕ್ಕುವುದು ಹೆಚ್ಚು, ಹುರುಳು ಕಡಿಮೆ. ಮಳೆ ರಜೆ, ಮಂಗನ ಕಾಯಿಲೆ, ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಇಂಥವು ಒಂದೂ ತಪ್ಪಬಾರದು, ಅಲ್ಲಿ ಕಸ ಬಂದರೂ ಸಹಿಸಿಕೊಳ್ಳಬೇಕು. ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳಿಂದ ಓದಿಸುವ ವಾರ್ತೆಗೆ ಐದೇ ಸಾಕು, ಐದೂ ಗಟ್ಟಿಯಿರಬೇಕು. ಹಾಗಾಗಿ ಒಂದೇ ಪಟ್ಟಿ ಮಾಡದೆ ಎರಡು ಕಪಾಟು ಮಾಡಿಕೊಳ್ಳುವುದು ವಾಸಿ.

ಆ ವಾರ್ತೆ ಓದಲು ಫೋನು ಮಗುವಿನ ಕೈಗೆ ಹೋಗುತ್ತದೆ ಎಂಬುದನ್ನು ಮರೆಯಬಾರದು. ಮಗು ಏನನ್ನು ತೆರೆಯಿತು ಎಂದು ಗಮನಿಸುವ ಆ್ಯಪ್ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರ ನಡವಳಿಕೆಯನ್ನು ಹಿಂಬಾಲಿಸುವುದಕ್ಕೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದಕ್ಕೂ ತಡೆ ಒಡ್ಡುತ್ತದೆ. ಆದರೆ ಶಿಕ್ಷಕರ ಹೆಸರಿನ ಫೋನನ್ನು ಹಿಡಿದದ್ದು ಹತ್ತು ವರ್ಷದ ಬೆರಳು ಎಂದು ಆ್ಯಪ್‌ಗೆ ತಿಳಿಯುವುದು ಹೇಗೆ? ಐದು ಸುದ್ದಿಗಳನ್ನು ಶಿಕ್ಷಕರೇ ಹಲಗೆಯ ಮೇಲೋ ಹಾಳೆಯ ಮೇಲೋ ಬರೆದು ಕೊಟ್ಟರೆ ಆ ಪ್ರಶ್ನೆ ಏಳುವುದಿಲ್ಲ. ಸಂಪರ್ಕ ಪಟ್ಟಿ, ಮೈಕು, ಕ್ಯಾಮೆರಾಕ್ಕೆ ಅನುಮತಿ ಕೇಳುವ ಸುದ್ದಿ ಆ್ಯಪ್‌ಗೆ ‘ಬೇಡ’ ಎಂದು ಒತ್ತಿ. ಕೊಡದಿದ್ದರೆ ಓಡುವುದಿಲ್ಲ ಎಂದು ಅದು ಹಟ ಹಿಡಿದರೆ ತೆಗೆದುಬಿಡಿ.

ಕೊನೆಯದಾಗಿ ನೋಡಬೇಕಾದದ್ದು, ಹೊರಗೆ ಬರುವ ಬಾಗಿಲು ಇದೆಯೇ ಎಂದು. 2005ರಲ್ಲಿ ಆರಂಭವಾದ ಗೂಗಲ್ ರೀಡರ್, ಫೀಡ್ ಓದುಗರ ಅಚ್ಚುಮೆಚ್ಚಾಗಿದ್ದ ಸೇವೆ, 2013ರ ಜುಲೈ 1ರಂದು ಮುಚ್ಚಿತು. ತಮ್ಮ ಫೀಡ್‌ಗಳ ಪಟ್ಟಿಯನ್ನು ಮೊದಲೇ ಇಳಿಸಿಕೊಂಡಿದ್ದವರು ಬೇರೆ ಆ್ಯಪ್‌ಗೆ ಸಲೀಸಾಗಿ ಹೋದರು. ಆ ಪಟ್ಟಿಯ ಕಡತಕ್ಕೆ ಒಪಿಎಂಎಲ್ ಎಂದು ಹೆಸರು. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಹೊರಕ್ಕೆ ಕಳಿಸುವ ಆಯ್ಕೆ ಇರಬೇಕು. ಕಡತ ಪುಟ್ಟದು, ವಾಟ್ಸ್‌ಆ್ಯಪ್‌ನಲ್ಲೇ ಹೋಗುತ್ತದೆ. ಹೊಸನಗರದ ಒಬ್ಬ ಶಿಕ್ಷಕರು ಒಂದು ಸಂಜೆ ಕೂತು ಜಿಲ್ಲೆಯ ಸುದ್ದಿ, ಇಜ್ಞಾನದಂಥ ವಿಜ್ಞಾನ ತಾಣ, ಇಲಾಖೆಯ ಪ್ರಕಟಣೆ, ಮಂಗನ ಕಾಯಿಲೆಯ ಅಲರ್ಟ್ ಎಲ್ಲ ಸೇರಿಸಿ ಪಟ್ಟಿ ಮಾಡಿದರೆ, ತೀರ್ಥಹಳ್ಳಿಯವರು ಅದನ್ನು ತೆಗೆದುಕೊಂಡು ಆಗುಂಬೆ, ಕಾಳಿಂಗ, ತುಂಗಾ ಸೇರಿಸಬಹುದು. ಸಾಗರದವರು ಹಿನ್ನೀರು, ಸೇತುವೆ ಸೇರಿಸಿ ಬೇಡದ್ದನ್ನು ಅಳಿಸಬಹುದು. ಕ್ಲಸ್ಟರ್ ಸಭೆಯಲ್ಲಿ ಅರ್ಧ ಗಂಟೆ ಇದಕ್ಕೆ ಕೊಟ್ಟರೆ, ಮುಂದಿನ ಮಳೆಗಾಲ ಹಿಡಿಯುವ ಮೊದಲು ಮೂರೂ ತಾಲ್ಲೂಕಿನ ಶಾಲೆಗಳ ಕೈಯಲ್ಲಿ ಶಿಕ್ಷಕರೇ ಆರಿಸಿದ ಒಂದು ಪಟ್ಟಿ ಇರುತ್ತದೆ.